ರಾತ್ರಿ ಎರಡಕ್ಕೆ ಎಚ್ಚರ, ಬೆಳಿಗ್ಗೆ ಏಳಕ್ಕೆ ಗಾಢ ನಿದ್ದೆ: ಕಾಯಿಲೆ ಇಟ್ಟುಕೊಂಡು ನೀವೆಲ್ಲ ಹೇಗೆ ಮಲಗುತ್ತೀರಿ?

ಮೂರುಗಂಟೆ (ಹಾಸನ) · ರಾತ್ರಿ 2:52

ಎಲ್ಲರಿಗೂ ನಮಸ್ಕಾರ. ನಾನು ಬರೆಯುತ್ತಿರುವ ಹೊತ್ತು ನೋಡಿ. ಅದೇ ನನ್ನ ಸಮಸ್ಯೆ.

ನನಗೆ 41. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ಆರ್.ಎ.), ಅಂದ್ರೆ ಕೀಲು ಊದಿ ನೋಯೋ ಸಂಧಿವಾತ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಹತ್ತೂವರೆಗೆ ಮಲಗಿದರೆ ಎರಡು, ಎರಡೂಕಾಲಿಗೆ ಎಚ್ಚರ. ಮಣಿಕಟ್ಟು, ಬೆರಳ ಗೆಣ್ಣು ಎಲ್ಲ ಬಿಗಿದುಕೊಂಡಿರುತ್ತವೆ. ಹೊದಿಕೆ ಎಳೆದುಕೊಳ್ಳೋಕೂ ಮೊಣಕೈ ಬೇಕು. ಆಮೇಲೆ ನಾಲ್ಕೂವರೆವರೆಗೆ ಮಗ್ಗಲು ಬದಲಿಸೋದೇ ಕೆಲಸ. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಐದಕ್ಕೆ. ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಅಕ್ಕಪಕ್ಕದ ಮನೆಯ ಮೋಟಾರ್ ಸದ್ದು. ಆರರಿಂದ ಏಳೂವರೆವರೆಗೆ ಮಾತ್ರ ಹೆಣದ ಹಾಗೆ ನಿದ್ದೆ. ಆದರೆ ಆಗಲೇ ಏಳಬೇಕಾದ ಹೊತ್ತು.

ಭಾನುವಾರ ಮಧ್ಯಾಹ್ನ ಒಂದು ಗಂಟೆ ಒರಗಿದರೆ ಅತ್ತೆ, "ಹಗಲು ಮಲಗಿದ್ರೆ ರಾತ್ರಿ ಎಲ್ಲಿಂದ ಬರುತ್ತಮ್ಮ ನಿದ್ದೆ" ಅಂತಾರೆ. ಕೆಟ್ಟವರಲ್ಲ, ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಿಕೊಡೋದು ಅವರೇ. ಆದರೂ ಆ ಮಾತು ಕೇಳಿದ ಮೇಲೆ ಮಲಗೋಕೆ ಮನಸ್ಸು ಬರಲ್ಲ.

ಕೇಳಬೇಕಾಗಿರೋದು ಇಷ್ಟೇ. ಒಂದೇ ಸಲಕ್ಕೆ ಏಳೆಂಟು ಗಂಟೆ ನಿದ್ದೆ ಬರಬೇಕು ಅಂತ ಹೋರಾಡೋದಾ? ಇಲ್ಲ, ಸಿಕ್ಕಿದಾಗ ಸಿಕ್ಕಷ್ಟು ಮಲಗಿ ದಿನ ತಳ್ಳೋದಾ?

ತ್ರೀಫೇಸ್ (ಶಿರಾ) · ರಾತ್ರಿ 3:10

ನಾನೂ ಎದ್ದಿದ್ದೀನಿ ಮೇಡಂ. ತೋಟಕ್ಕೆ ನೀರು ಬಿಟ್ಟು ಕೂತಿದ್ದೀನಿ. ಬೆಳಿಗ್ಗೆ ಬರೆಯುತ್ತೇನೆ.

ಮಲೆನಾಡ ಮನೆ · ಬೆಳಿಗ್ಗೆ 6:35

ರಾತ್ರಿ ಒಂದು ಲೋಟ ಗಸಗಸೆ ಪಾಯಸ ಕುಡಿದು ನೋಡಿ. ನಮ್ಮ ಕಡೆ ಹಬ್ಬದ ದಿನ ಅದನ್ನು ಕುಡಿದವರು ಚಾಪೆ ಹುಡುಕೋದೇ. ಹಾಲಿಗೆ ಚಿಟಿಕೆ ಜಾಯಿಕಾಯಿ ತೇಯ್ದು ಹಾಕಿದರೂ ಆಯ್ತು. ಒಂದೆಲಗದ ತಂಬುಳಿ ಮಧ್ಯಾಹ್ನ ಊಟಕ್ಕೆ. ಮಾತ್ರೆಗಿಂತ ಇವೇ ವಾಸಿ.

ನೇರಮಾತು (ಬೆಂಗಳೂರು) · ಬೆಳಿಗ್ಗೆ 7:20

ಪಾಯಸ ಕುಡಿದು ನಿದ್ದೆ ಸರಿ ಆಗೋದಾಗಿದ್ದರೆ ಯಾರೂ ಡಾಕ್ಟರ್ ಹತ್ರ ಹೋಗ್ತಿರಲಿಲ್ಲ. ನನ್ನ ಅನುಭವ ಹೇಳುತ್ತೇನೆ. ಬೆನ್ನು ನೋವು, ಹತ್ತು ವರ್ಷದ್ದು. ಎರಡು ವರ್ಷ ನಿದ್ದೆ ಪೂರ್ತಿ ಹಾಳಾಗಿತ್ತು. ಕೊನೆಗೆ ಸರಿ ಮಾಡಿದ್ದು ಸಿ.ಬಿ.ಟಿ.ಐ ಅನ್ನೋ ಕ್ರಮ. ಇದು ಮಾತ್ರೆ ಅಲ್ಲ, ಅಭ್ಯಾಸ ಬದಲಿಸೋದು. ದೀರ್ಘಕಾಲದ ನಿದ್ದೆ ತೊಂದರೆಗೆ ಮೊದಲು ಇದನ್ನೇ ಮಾಡಿಸಿ ಅಂತ ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿದೆ.

ಮಲಗೋದು ಯಾವಾಗಾದರೂ ಇರಲಿ, ಏಳೋ ಹೊತ್ತು ಮಾತ್ರ ಒಂದೇ. ಭಾನುವಾರಾನೂ ಅಷ್ಟೇ. ಇಪ್ಪತ್ತು ನಿಮಿಷ ನಿದ್ದೆ ಬರಲಿಲ್ಲ ಅಂದ್ರೆ ಹಾಸಿಗೆ ಬಿಟ್ಟು ಏಳಿ, ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದ ಮೇಲೆ ವಾಪಸ್ ಹೋಗಿ. ಹಗಲು ನಿದ್ದೆ ಬಂದ್. ನಿಮ್ಮ ಅತ್ತೆ ಹೇಳ್ತಿರೋದು ಸರಿಯಾಗೇ ಇದೆ.

ಮೂರುಗಂಟೆ · ಬೆಳಿಗ್ಗೆ 7:48

ನೇರಮಾತು ಅವರೇ, "ಹಾಸಿಗೆ ಬಿಟ್ಟು ಏಳಿ" ಅಂತ ಎರಡೇ ಮಾತಲ್ಲಿ ಹೇಳಿಬಿಟ್ಟಿರಿ. ರಾತ್ರಿ ಎರಡಕ್ಕೆ ನಾನು ಏಳೋದು ಅಂದ್ರೆ, ಮೊದಲು ಮೊಣಕೈ ಊರಬೇಕು, ಆಮೇಲೆ ಮಂಚದ ಅಂಚಿಗೆ ಜರುಗಬೇಕು, ಪಾದ ನೆಲಕ್ಕೆ ಇಟ್ಟು ಒಂದು ನಿಮಿಷ ಕಾಯಬೇಕು. ಅಷ್ಟರಲ್ಲಿ ಇದ್ದ ಜೊಂಪೂ ಹಾರಿಹೋಗಿರುತ್ತೆ. ಶಾಲೆಗೆ ಹೊರಟೆ, ಸಂಜೆ ಬರ್ತೀನಿ.

ವಾರಕ್ಕೆಮೂರು (ಮೈಸೂರು) · ಬೆಳಿಗ್ಗೆ 9:05

ಗಸಗಸೆ ವಿಷಯ ಬಂದಿದ್ದಕ್ಕೆ ಹೇಳಿಬಿಡ್ತೀನಿ. ನಮ್ಮ ಯಜಮಾನರಿಗೆ ಡಯಾಲಿಸಿಸ್, ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಕಿಡ್ನಿ ತೊಂದರೆ ಇರೋರು ದಯವಿಟ್ಟು ಈ ಪಾಯಸದ ಕಡೆ ನೋಡಬೇಡಿ. ಗಸಗಸೆಯಲ್ಲೂ ಹಾಲಲ್ಲೂ ಫಾಸ್ಫರಸ್ ಜಾಸ್ತಿ. ನಮ್ಮ ಡಯಟಿಷಿಯನ್ ಹಾಲನ್ನೇ ಅಳೆದು ಕೊಡಿ ಅಂದಿದ್ದಾರೆ. ಮನೆಗೆ ಬಂದ ನೆಂಟರೆಲ್ಲ ಒಂದೊಂದು ಮದ್ದು ಹೇಳಿ ಹೋಗ್ತಾರೆ, ಅದನ್ನು ಮಾಡಿಕೊಟ್ಟು ಅನುಭವಿಸೋರು ನಾವು.

ನಿದ್ದೆ ಬಗ್ಗೆ ಹೇಳೋದಾದ್ರೆ, ಅವರಿಗೆ ಕಾಟ ಕಾಲಿಂದು. ನೋವಲ್ಲ. ಮಲಗಿದ ಕೂಡಲೇ ಮೊಣಕಾಲ ಕೆಳಗೆ ಒಳಗೊಳಗೇ ಇರುವೆ ಹರಿದ ಹಾಗೆ ಆಗುತ್ತಂತೆ. ಅಲ್ಲಾಡಿಸಿದ್ರೆ ಒಂದು ಗಳಿಗೆ ಸಮಾಧಾನ, ಮತ್ತೆ ಶುರು. ಹಜಾರದಲ್ಲಿ ನಡೀತಾ ಇರ್ತಾರೆ. ಮೊದಲು ಚಿಂತೆಯಿಂದ ಹೀಗೆ ಅಂದುಕೊಂಡಿದ್ವಿ. ಒಂದು ಸಲ ನೆಗಡಿ ಅಂತ ಅಂಗಡಿಯಲ್ಲಿ ಮಾತ್ರೆ ತಂದುಕೊಟ್ಟೆ. ಆ ರಾತ್ರಿ ಕೂರೋಕೂ ಆಗಲಿಲ್ಲ ಅವರಿಗೆ. ಡಾಕ್ಟರ್‌ಗೆ ಹೇಳಿದಾಗ ಗೊತ್ತಾಯ್ತು, ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅಂತ ಹೆಸರೇ ಇದೆ, ಕೆಲವು ನೆಗಡಿ ಮಾತ್ರೆ ಅದನ್ನು ಜಾಸ್ತಿ ಮಾಡುತ್ತೆ ಅಂತ. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ನೋಡೋ ಫೆರಿಟಿನ್ ಟೆಸ್ಟ್ ಮಾಡಿಸಿ, ಕಬ್ಬಿಣದ ಅಂಶ ಸರಿ ಮಾಡಿದ ಮೇಲೆ ಅರ್ಧಕ್ಕರ್ಧ ಇಳೀತು.

ದುಬೈ ದೋಸೆ · ಬೆಳಿಗ್ಗೆ 10:15

ವಿಷಯಾಂತರ, ಕ್ಷಮಿಸಿ. ಗಸಗಸೆ ಓದಿ ಹಾಳಾದ ಬಾಯಲ್ಲಿ ನೀರು ಬಂತು. ಇಲ್ಲಿ ಯು.ಎ.ಇ.ಯಲ್ಲಿ ಗಸಗಸೆ ನಿಷೇಧ. ಊರಿಂದ ಬರುವಾಗ ಬ್ಯಾಗಲ್ಲಿ ತಂದ್ರೆ ಏರ್‌ಪೋರ್ಟಲ್ಲೇ ಸಿಕ್ಕಿ ಬೀಳ್ತೀರಿ. ಅಮ್ಮಂದಿರಿಗೆ ಮೊದಲೇ ಹೇಳಿಡಿ.

ಸುಳ್ಯದ ಸುಬ್ಬ · ಬೆಳಿಗ್ಗೆ 10:22

ನಿದ್ದೆ ಬರೋ ಪದಾರ್ಥ ತಂದಿದ್ದಕ್ಕೆ ನಿದ್ದೆಗೆಡಿಸ್ತಾರಲ್ಲ ಮಾರಾಯ್ರೆ!

ಔಷಧಿ ಅಂಗಡಿ (ಗದಗ) · ಮಧ್ಯಾಹ್ನ 1:40

ಅಂಗಡಿ ಖಾಲಿ ಐತಿ, ನಿಧಾನಕ್ಕೆ ಬರೀತೀನಿ ನೋಡ್ರಿ. ಹದಿನೆಂಟು ವರ್ಷದಿಂದ ಕೌಂಟರ್‌ನಲ್ಲಿ ನಿಂತಿದ್ದೇನೆ. ನಿದ್ದೆ ಮಾತ್ರೆ ಕೇಳಿಕೊಂಡು ಬರೋರಿಗೆ ನಾನು ಮೊದಲು ಕೇಳೋದು ಒಂದೇ: ಉಳಿದ ಮಾತ್ರೆ ಯಾವ್ಯಾವುದು, ಯಾವ ಹೊತ್ತಿಗೆ ತಗೋತೀರಿ?

ಮೇಡಂ, ನೀವು ಸ್ಟೀರಾಯ್ಡ್ ಏನಾದರೂ ತಗೋತಿದ್ದೀರಾ? ಪ್ರೆಡ್ನಿಸೋಲೋನ್ ಥರದ್ದು? ಚೀಟಿ ತೆಗೆದು ನೋಡಿ. ಡಾಕ್ಟರ್ 1-0-0 ಅಂತ ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ರಾತ್ರಿ ಇಲ್ಲ ಅಂತ ಅರ್ಥ. ಜನ ಅದನ್ನು ನೋಡೋದೇ ಇಲ್ಲ, ಎಲ್ಲ ಮಾತ್ರೆ ರಾತ್ರಿ ಊಟ ಆದ ಮೇಲೆ ಒಂದೇ ಗುಟುಕಿಗೆ ನುಂಗ್ತಾರೆ. ರಾತ್ರಿ ತಗೊಂಡ್ರೆ ನಿದ್ದೆ ಕೆಡಿಸೋದರಲ್ಲಿ ಅದು ನಂಬರ್ ಒನ್.

ಹಂಗೇ ಮೂತ್ರ ಹೋಗೋ ಮಾತ್ರೆ. ಬಿ.ಪಿ., ಹಾರ್ಟ್ ತೊಂದರೆ ಇರೋರಿಗೆ ಕೊಡ್ತಾರಲ್ಲ, ಅದು. ಸಂಜೆ ತಗೊಂಡ್ರೆ ರಾತ್ರಿಯೆಲ್ಲ ಬಚ್ಚಲಮನೆ ಯಾತ್ರೆ. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನಕ್ಕೇ ಮುಗಿಸಬಹುದಾ ಅಂತ ಡಾಕ್ಟರ್‌ನ ಕೇಳಿ.

ಇನ್ನೊಂದು ಮಾತು. ಪಕ್ಕದ ಮನೆಯವರು ಕೊಟ್ಟರು ಅಂತ ಅಲ್ಪ್ರಜೋಲಾಮ್ ಅನ್ನೋ ನಿದ್ದೆ ಬರಿಸೋ ಮಾತ್ರೆ ನುಂಗಬೇಡಿ. ಅದು ಶೆಡ್ಯೂಲ್ ಎಚ್1, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧಿಗಳ ಬಿಗಿ ಪಟ್ಟಿಯದ್ದು. ಕೊಟ್ಟದ್ದನ್ನು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು ನಾವು. ಅಷ್ಟು ಬಿಗಿ ಸುಮ್ನೆ ಮಾಡಿಲ್ಲ.

ಮೂರುಗಂಟೆ · ಸಂಜೆ 5:30

ಔಷಧಿ ಅಂಗಡಿಯವರೇ, ಶಾಲೆಯಿಂದ ಬಂದು ಬ್ಯಾಗೂ ಇಳಿಸದೆ ಚೀಟಿ ತೆಗೆದೆ. 1-0-0. ಕೆಳಗೆ ಗೆರೆ ಬೇರೆ ಎಳೆದಿದ್ದಾರೆ.

ನಾನು ಎರಡು ವರ್ಷದಿಂದ ರಾತ್ರಿ ತಗೋತಿದ್ದೀನಿ. ಬೆಳಿಗ್ಗೆ ತಿಂಡಿಗೆ ಟೈಮ್ ಇರಲ್ಲ, ಖಾಲಿ ಹೊಟ್ಟೆಗೆ ತಗೋಬಾರದು ಅಂದಿದ್ದರು, ಅದಕ್ಕೆ ರಾತ್ರಿಗೆ ತಳ್ಳಿದೆ. ನಾನೇ ತಳ್ಳಿದ್ದು. ಮರೆತೇ ಹೋಗಿತ್ತು.

ಔಷಧಿ ಅಂಗಡಿ · ಸಂಜೆ 5:52

ಒಮ್ಮಿಂದೊಮ್ಮೆಗೆ ನಿಲ್ಲಿಸಬೇಡ್ರಿ ಮತ್ತೆ! ಸ್ಟೀರಾಯ್ಡ್ ದಿಢೀರ್ ಬಿಟ್ಟರೆ ಅಪಾಯ. ಹೊತ್ತು ಬದಲಿಸೋದು ಹೇಗೆ ಅಂತ ನಿಮ್ಮ ಡಾಕ್ಟರ್‌ಗೆ ಒಂದು ಫೋನ್ ಮಾಡಿ.

ಚಳಿನಾಡು (ಮಿನೆಸೋಟ) · ಸಂಜೆ 6:40

ಒಂದು ಸಣ್ಣ ತಿದ್ದುಪಡಿ. ಸ್ಟೀರಾಯ್ಡ್ ರಾತ್ರಿ ತಗೊಳ್ಳಲೇಬಾರದು ಅಂತೇನಿಲ್ಲ. ರಾತ್ರಿ ಹತ್ತಕ್ಕೆ ನುಂಗಿದರೆ ನಾಲ್ಕು ಗಂಟೆ ಆದ ಮೇಲೆ ಒಡೆಯೋ ಹಾಗೆ ಮಾಡಿದ ಪ್ರೆಡ್ನಿಸೋನ್ ಮಾತ್ರೆಯೂ ಇದೆ. ಸಂಧಿವಾತದವರಿಗೆ ಬೆಳಗಿನ ಬಿಗಿತ ಕಡಿಮೆ ಆಗಲಿ ಅಂತಲೇ ಮಾಡಿದ್ದು. ಯಾಕಂದ್ರೆ ನಮ್ಮ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ನಡುರಾತ್ರಿ ಸುಮಾರಿಗೆ ತಳಕ್ಕೆ ಇಳಿದು, ಏಳೋ ಹೊತ್ತಿಗೆ ಏರುತ್ತೆ. ಉರಿಯೂತ ಮಾತ್ರ ಬೆಳಗಿನ ಜಾವ ಜೋರು. ಅಂದ್ರೆ ಮೂರುಗಂಟೆ ಅವರಿಗೆ ಆ ಹೊತ್ತಿಗೆ ಕೀಲು ಬಿಗಿಯೋದು ಮನಸ್ಸಿನ ಭ್ರಮೆ ಅಲ್ಲ. ನನಗೆ ಲೂಪಸ್, ಕೀಲಿಗೂ ಬರೋ ಇನ್ನೊಂದು ಉರಿಯೂತದ ಕಾಯಿಲೆ, ನನಗೂ ಅದೇ ಹೊತ್ತಿಗೆ. ದೇಹದೊಳಗಿನ ಈ ಗಡಿಯಾರ ಹೇಗೆ ನಡೆಯುತ್ತೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಔಷಧಿ ಅಂಗಡಿ · ಸಂಜೆ 6:55

ಒಪ್ಪಿದೆ. ಆದರೆ ನಮ್ಮ ಕಡೆ ಅಂಗಡಿಯಲ್ಲಿ ಕೊಡೋದು ಮಾಮೂಲಿ ಮಾತ್ರೆ, ಅದಕ್ಕೆ ಬೆಳಿಗ್ಗೆನೇ ಸರಿ.

ತ್ರೀಫೇಸ್ · ರಾತ್ರಿ 8:15

ಬೆಳಿಗ್ಗೆ ಅಂದಿದ್ದೆ, ರಾತ್ರಿ ಆಯ್ತು. ನನಗೆ 53, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಈಗ ಇನ್ಸುಲಿನ್. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿ ವಾರ ಒಂದು ಗಂಟೆಗೆ ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ಅಡಿಕೆಗೆ ನೀರು ತಿರುಗಿಸಬೇಕು. ಏಳೋ ಹೊತ್ತು ಒಂದೇ ಇಟ್ಕೊಳ್ಳಿ ಅಂತ ನೇರಮಾತು ಹೇಳ್ತಾರೆ. ಕರೆಂಟ್ ಕೊಡೋರಿಗೆ ಹೇಳಿ ಸ್ವಾಮಿ ಅದನ್ನ.

ಹೋದ ವರ್ಷ ನಡೆದದ್ದು. ಹಗಲು ಪಾಳಿ ವಾರದಲ್ಲೂ ಮೂರು ಗಂಟೆಗೆ ಎಚ್ಚರ ಆಗ್ತಿತ್ತು. ಬನಿಯನ್ ಒದ್ದೆ, ಎದೆ ಡವಡವ. ಕೆಟ್ಟ ಕನಸು ಬಿತ್ತು ಅಂದುಕೊಂಡು ದೇವರ ಹೆಸರು ಹೇಳಿ ಮಲಗ್ತಿದ್ದೆ. ಮನೆಯವಳು ತಾಯತ ಕಟ್ಟಿಸಿಕೊಂಡು ಬಂದಳು. ಮಗಳು ನರ್ಸಿಂಗ್ ಓದ್ತಾಳೆ, ರಜಕ್ಕೆ ಬಂದಿದ್ದಳು. ಅದೇ ಹೊತ್ತಿಗೆ ಬೆರಳು ಚುಚ್ಚಿ ಮೆಷಿನ್‌ಗೆ ಹಾಕಿದರೆ 58. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ಕಡಿಮೆ ಅಂತೆ. ಸಕ್ಕರೆ ತಿನ್ನಿಸಿದಳು, ಹತ್ತು ನಿಮಿಷಕ್ಕೆ ಸರಿಯಾಯ್ತು. ಮಾರನೇ ದಿನ ಡಾಕ್ಟರ್ ರಾತ್ರಿ ಇನ್ಸುಲಿನ್ ಇಳಿಸಿದ್ರು. ಅವತ್ತಿಂದ ಆ ಎಚ್ಚರ ಇಲ್ಲ. ತಾಯತ ಇನ್ನೂ ಇದೆ, ಬಿಚ್ಚಿದ್ರೆ ಮನೆಯವಳಿಗೆ ಬೇಜಾರು.

ಸುಗರ್ ಇರೋರು ಬೆವತು ಎದ್ದರೆ ಒಂದು ಸಲ ಚುಚ್ಚಿ ನೋಡಿ. ಅಷ್ಟೇ ನಾನು ಹೇಳೋದು.

ನೇರಮಾತು · ರಾತ್ರಿ 8:40

ತ್ರೀಫೇಸ್ ಅವರೇ, ಕರೆಂಟ್ ವಿಷಯ ಒಪ್ಪಿದೆ. ಆದರೆ ಒಂದು ಮಾತು. ಎಲ್ಲರೂ ಅವರವರ ಕಾಯಿಲೆ ಕಥೆ ಹೇಳ್ತಿದ್ದೀರಿ. ಕಾರಣ ಸಿಕ್ಕಿದ ಮೇಲೂ ನಿದ್ದೆ ಬರದೇ ಇರೋರು ಬೇಕಾದಷ್ಟು ಜನ ಇದ್ದಾರೆ. ಹಾಸಿಗೆ ಕಂಡ್ರೆ ಮೈ ಎಚ್ಚರಗೊಳ್ಳುತ್ತೆ, ಅಭ್ಯಾಸ ಆಗಿಬಿಟ್ಟಿರುತ್ತೆ. ಅದಕ್ಕೇ ನಾನು ಹೇಳಿದ್ದು. ನಾನು ಮೊದಲ ಎರಡು ವಾರ ಹಾಸಿಗೆಯಲ್ಲಿ ಇರೋ ಹೊತ್ತನ್ನೇ ಐದೂವರೆ ಗಂಟೆಗೆ ಇಳಿಸಿದ್ದೆ. ನರಕ. ಮೂರನೇ ವಾರದಿಂದ ಕೆಡವಿದ ಹಾಗೆ ನಿದ್ದೆ.

ಸಣ್ಣದೀಪ · ರಾತ್ರಿ 9:02

ನಿಲ್ಲಿ ನಿಲ್ಲಿ. ಇದನ್ನು ಎಲ್ಲರಿಗೂ ಹೇಳಬೇಡಿ. ನನಗೆ ಮೂರ್ಛೆ ರೋಗ. ನಿದ್ದೆ ಕಡಿಮೆ ಆದ್ರೆ ಫಿಟ್ಸ್ ಬರುತ್ತೆ. ಡಿಗ್ರಿ ಪರೀಕ್ಷೆಗೆ ಎರಡು ರಾತ್ರಿ ಓದಿ, ಮೂರನೇ ಬೆಳಿಗ್ಗೆ ಬಸ್ ಸ್ಟಾಂಡಲ್ಲಿ ಬಿದ್ದೆ. ಹಲ್ಲು ಮುರೀತು. ನನ್ನಂಥವರಿಗೆ, ಬೈಪೋಲಾರ್ ಇರೋರಿಗೆ, ಹಾಸಿಗೆ ಹೊತ್ತು ಕಡಿತ ಮಾಡೋದು ಮನೆಯಲ್ಲಿ ಕೂತು ಓದಿ ಮಾಡೋ ಕೆಲಸ ಅಲ್ಲ.

ನೇರಮಾತು · ರಾತ್ರಿ 9:10

ಸರಿ, ಅದು ನನಗೆ ಹೊಳೆದಿರಲಿಲ್ಲ. ನಾನು ಮಾಡಿದ್ದೂ ಸೈಕಾಲಜಿಸ್ಟ್ ಹತ್ರ ಹೋಗಿಯೇ, ಆ ಮಾತು ಬಿಟ್ಟುಹೋಯ್ತು.

ನಿರ್ವಾಹಕ · ರಾತ್ರಿ 9:30

ಯಾರೂ ಮಾತ್ರೆಯ ಪ್ರಮಾಣ ಬರೆಯಬೇಡಿ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಗಸಗಸೆ ಚರ್ಚೆ ಅಡುಗೆ ವಿಭಾಗದಲ್ಲಿ ಮುಂದುವರಿಸಿ.

ಅತ್ತೆಯೂ ಹೌದು (ಧಾರವಾಡ) · ರಾತ್ರಿ 9:45

ನಾನೂ ಒಬ್ಬ ಅತ್ತೆ, ನನ್ನ ಮಾತೂ ಸ್ವಲ್ಪ ಕೇಳ್ರಿ. ಸೊಸೆ ಹಗಲು ಮಲಗಿದರೆ ನಾವು ಸೋಮಾರಿ ಅಂತ ಅಂದುಕೊಳ್ಳೋದಿಲ್ಲ, ಹೆದರಿಕೆ ಆಗ್ತದ. ರಾತ್ರಿ ಎರಡಕ್ಕೆ ಅಕಿ ಒದ್ದಾಡೋದನ್ನ ಕೋಣೆ ಹೊರಗಿಂದ ನಾವು ನೋಡಿರೋದಿಲ್ಲ. ಕಾಣೋದು ಹಗಲಿನ ನಿದ್ದೆ ಒಂದೇ. ಒಮ್ಮೆ ಅವರನ್ನ ಎಬ್ಬಿಸ್ರಿ ಆ ಹೊತ್ತಿನಾಗ.

ಸುಳ್ಯದ ಸುಬ್ಬ · ರಾತ್ರಿ 10:05

ಇದಕ್ಕೆ ನನ್ನದೂ ಒಂದಿದೆ. ನಮ್ಮ ತಂದೆ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ದೀಪಾವಳಿ ಆದ ಮೇಲೆ ಮೇಳ ಹೊರಟರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚೋದು. ಆರು ತಿಂಗಳು ರಾತ್ರಿಯಿಡೀ ಆಟ. ಮನೆಗೆ ಬಂದರೆ ಬೆಳಿಗ್ಗೆ ಎಂಟಕ್ಕೆ ಮಲಗಿ ಮಧ್ಯಾಹ್ನ ಒಂದಕ್ಕೆ ಏಳ್ತಿದ್ದರು. ನಾವು ಮಕ್ಕಳು ಅಂಗಳದಲ್ಲಿ ಕಿರುಚಿದರೆ ಅಜ್ಜಿ ಬೆತ್ತ ತರ್ತಿದ್ದರು, "ಅಪ್ಪ ಮಲಗಿದ್ದಾನೆ" ಅಂತ. ಆ ನಿದ್ದೆಗೆ ಎಂಥ ಮರ್ಯಾದೆ!

ನನಗೆ ಈಗ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆ ಬಿಗಿಯೋ ಸಂಧಿವಾತ. ನಾನೂ ಅದೇ ಎಂಟು ಗಂಟೆಗೆ ಮಲಗ್ತೇನೆ, ರಾತ್ರಿ ಬೆನ್ನು ಬಿಡೋದಿಲ್ಲ. ನನಗೆ ಸಿಕ್ಕ ಬಿರುದು ಕುಂಭಕರ್ಣ. ಅಪ್ಪ ರಾತ್ರಿ ಮದ್ದಳೆ ಬಾರಿಸಿದ್ದಕ್ಕೆ ಹಗಲು ಮಲಗಿದರು, ನಾನು ರಾತ್ರಿ ನೋವು ತಿಂದದ್ದಕ್ಕೆ. ಕೂಲಿ ಬರಲಿಲ್ಲ ಅನ್ನೋದೊಂದೇ ವ್ಯತ್ಯಾಸ ಅಲ್ವಾ?

ವಾರಕ್ಕೆಮೂರು · ರಾತ್ರಿ 10:20

ಇದನ್ನು ಅವರಿಗೆ ಓದಿ ಹೇಳಿದೆ. ನಕ್ಕರು. ಡಯಾಲಿಸಿಸ್ ದಿನ ಅಲ್ಲೇ ಕುರ್ಚಿಯಲ್ಲಿ ಎರಡು ಗಂಟೆ ಒಳ್ಳೇ ನಿದ್ದೆ ಮಾಡ್ತಾರೆ, ಗೊರಕೆ ಸಮೇತ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ, ಇವರಿಗೆ ಮೆಷಿನ್ ಪಕ್ಕದಲ್ಲೇ ನಿದ್ದೆ. ನಾನೀಗ ರಾತ್ರಿ ಎಷ್ಟು ಮಲಗಿದ್ರು ಅಂತ ಎಣಿಸೋದು ಬಿಟ್ಟಿದ್ದೀನಿ. ಕ್ಯಾಲೆಂಡರ್‌ನಲ್ಲಿ ಇಡೀ ದಿನದ್ದು ಬರೀತೀನಿ: ರಾತ್ರಿ 3, ಬೆಳಿಗ್ಗೆ 1, ಮೆಷಿನ್ 2. ಒಟ್ಟು ಆರು. ಐದಕ್ಕಿಂತ ಇಳಿದ ದಿನ ಮಾತ್ರ ಮಾರನೇ ದಿನಕ್ಕೆ ಯಾವ ಕೆಲಸವೂ ಇಟ್ಟುಕೊಳ್ಳಲ್ಲ.

ಮಲೆನಾಡ ಮನೆ · ರಾತ್ರಿ 10:31

ನನ್ನ ಪಾಯಸಕ್ಕೆ ಇಷ್ಟು ಗಲಾಟೆ ಆಗುತ್ತೆ ಅಂದುಕೊಂಡಿರಲಿಲ್ಲ 😄 ಕಿಡ್ನಿ ವಿಷಯ ಗೊತ್ತಿರಲಿಲ್ಲ, ಇನ್ನು ಮೇಲೆ ಕೇಳಿ ಹೇಳ್ತೀನಿ. ತಂಬುಳಿ ಮಾತ್ರ ಬಿಡಲ್ಲ.

ಮೂರುಗಂಟೆ · (ಮೂರು ವಾರದ ನಂತರ) ರಾತ್ರಿ 9:15

ಕೇಳಿದವರಿಗೆ ಉತ್ತರ. ಡಾಕ್ಟರ್‌ಗೆ ಫೋನ್ ಮಾಡಿದೆ, ಸ್ವಲ್ಪ ಬೈದರು. ಮಾತ್ರೆ ಈಗ ಬೆಳಿಗ್ಗೆ. ತಿಂಡಿಗೆ ಟೈಮ್ ಇಲ್ಲದ್ದಕ್ಕೆ ರಾತ್ರಿಯೇ ಎರಡು ಚಪಾತಿ ಸುತ್ತಿಟ್ಟಿರ್ತೀನಿ. ಎರಡು ಗಂಟೆಯ ಎಚ್ಚರ ವಾರಕ್ಕೆ ಏಳು ದಿನ ಇದ್ದದ್ದು ಮೂರಕ್ಕೋ ನಾಲ್ಕಕ್ಕೋ ಇಳಿದಿದೆ. ಬೆಳಗಿನ ಜಾವದ ಬಿಗಿತ ಇದ್ದಲ್ಲೇ ಇದೆ. ಅದಕ್ಕೆ ಬೇರೆ ಔಷಧಿ ನೋಡೋಣ ಅಂದಿದ್ದಾರೆ.

ನೇರಮಾತು ಅವರ ಮಾತಲ್ಲಿ ಒಂದನ್ನು ತಗೊಂಡೆ, ಭಾನುವಾರವೂ ಅದೇ ಹೊತ್ತಿಗೆ ಏಳೋದು. ಇನ್ನೊಂದನ್ನು ಬಿಟ್ಟೆ. ಎಚ್ಚರ ಆದ್ರೆ ಹಾಸಿಗೆಯಿಂದ ಏಳಲ್ಲ. ಫ್ಲಾಸ್ಕಲ್ಲಿ ಬಿಸಿನೀರು ಇಟ್ಟುಕೊಂಡಿರ್ತೀನಿ, ಸ್ಟೀಲ್ ಚೊಂಬಿಗೆ ಬಗ್ಗಿಸಿ, ಟವೆಲ್ ಸುತ್ತಿ, ಎರಡೂ ಕೈಯಲ್ಲಿ ಅಪ್ಪಿಕೊಂಡು ರೇಡಿಯೋ ಸಣ್ಣಕ್ಕೆ ಹಾಕ್ತೀನಿ. ಬೆರಳು ಬಿಟ್ಟುಕೊಳ್ಳುತ್ತೆ, ಅಷ್ಟರಲ್ಲಿ ಕೋಳಿನಿದ್ದೆಯಾದರೂ ಬರುತ್ತೆ. ಶಾಲೆಯಿಂದ ಬಂದು ಅರ್ಧ ಗಂಟೆ ಮಲಗ್ತೀನಿ, ಅಲಾರಂ ಇಟ್ಟು.

ಧಾರವಾಡದ ಅತ್ತೆ ಹೇಳಿದ ಹಾಗೆ ಎಬ್ಬಿಸೋಕೆ ಧೈರ್ಯ ಬರಲಿಲ್ಲ. ಆದರೆ ಒಂದು ರಾತ್ರಿ ಫ್ಲಾಸ್ಕ್ ಮುಚ್ಚಳ ತಿರುಗಿಸೋಕೆ ಆಗದೆ ಕೆಳಗೆ ಬಿತ್ತು, ಅವರೇ ಎದ್ದು ಬಂದ್ರು. ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಮುಚ್ಚಳ ಸಡಿಲ ಮಾಡಿ ಇಟ್ಟಿರ್ತಾರೆ. ಹಗಲು ನಿದ್ದೆ ಬಗ್ಗೆ ಮಾತು ನಿಂತಿಲ್ಲ, ಮೊನ್ನೆಯೂ ಅಂದ್ರು.

ನೇರಮಾತು · ರಾತ್ರಿ 9:40

ಅರ್ಧ ಗಂಟೆ ಮೀರದಿದ್ರೆ ಸರಿ. ಸಂಜೆ ಕಾಫಿ ಎಷ್ಟು ಗಂಟೆಗೆ? ಅದು ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು.

ಮೂರುಗಂಟೆ · ರಾತ್ರಿ 9:44

ಹಾಸನದವಳಿಗೆ ಕಾಫಿ ಬಿಡು ಅಂತೀರಲ್ಲ. ನಾಲ್ಕಕ್ಕೆ ಮುಗಿಸ್ತೀನಿ, ಸಾಕಾ?

ಹೊಸಬಳು · ರಾತ್ರಿ 11:20

ನನಗೂ ಆರ್.ಎ., ಗೊತ್ತಾಗಿ ನಾಲ್ಕು ತಿಂಗಳು. ಡಾಕ್ಟರ್ ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದ್ರೆ ಕೈ ಅಲ್ಲಾಡದ ಹಾಗೆ ಹಿಡಿಯೋ ಪಟ್ಟಿ, ಕಟ್ಟಿಕೊಳ್ಳಿ ಅಂದಿದ್ದಾರೆ. ಯಾರಾದ್ರೂ ಹಾಕಿದ್ದೀರಾ? ಅದನ್ನು ಹಾಕಿಕೊಂಡು ನಿದ್ದೆ ಬರುತ್ತಾ?

ಮೂರುಗಂಟೆ · ರಾತ್ರಿ 2:31

ಬರುತ್ತಮ್ಮ, ಒಂದು ವಾರ ಕಿರಿಕಿರಿ ಅಷ್ಟೇ. ಅಂಗಡಿಯಲ್ಲಿ ಹಾಕಿ ನೋಡಿ ತಗೊಳ್ಳಿ. ವೆಲ್‌ಕ್ರೋ ಪಟ್ಟಿಯ ತುದಿ ಉದ್ದ ಇರಲಿ, ಹೆಬ್ಬೆರಳ ಕಡೆ ಬರಲಿ. ರಾತ್ರಿ ಬೆರಳು ಮಡಚೋಕೆ ಆಗದಿದ್ದಾಗ ಹಲ್ಲಲ್ಲಿ ಕಚ್ಚಿ ಎಳೆಯಬಹುದು.